ಚೆಸ್‌ನ ಡಿ4 ನಡೆಗೆ ಕನ್ನಡದಲ್ಲಿ ಏನೆನ್ನೋಣ? ಮಂತ್ರಿಯೋ ರಾಣಿಯೋ?

ಗೆಳೆಯರೇ, ಒಂದು ಪದ ಬೇಕಾಗಿದೆ.

ಮೊನ್ನೆ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಸಾಗರದ ನಮ್ಮ ಮನೆ ಜಗುಲಿಯಲ್ಲಿ ಅಪ್ಪನೂ ನನ್ನ ಮಗಳೂ ಚೆಸ್ ಆಡಿದರು. ಮಗಳದು ಬಿಳಿ ಕಾಯಿ. ಗೆದ್ದಿದ್ದೂ ಅವಳೇ. ಆ ಆಟವನ್ನು ಅವಳ ಶಾಲೆಯ ಕೈಬರಹದ ಪತ್ರಿಕೆಗೆ ಬರೆದುಕೊಡೋಣ ಅಂತ ಕೂತೆ. ಮೊದಲ ನಡೆಗೇ ಪೆನ್ನು ನಿಂತಿತು.

ಅವಳು ಶುರು ಮಾಡಿದ್ದು ಡಿ4, ಅಂದರೆ ಕೆಲವರು ಮಂತ್ರಿ, ಕೆಲವರು ರಾಣಿ ಅನ್ನುವ ಕಾಯಿಯ ಮುಂದಿನ ಸಣ್ಣ ಕಾಯಿಯನ್ನು ಡಿ4 ಎಂಬ ಮನೆಗೆ ನೂಕುವುದು. "ರಾಣಿ ಪಾನ್, ಎರಡು ಮನೆ" ಅಂದಳು. "ಮಂತ್ರಿ ಮುಂದಿನ ಕಾಲಾಳು ಅನ್ನು ಪುಟ್ಟಿ" ಅಂದರು ಅಪ್ಪ. ಇಂಗ್ಲಿಷಿನವರಿಗೆ ಇದು ಕ್ವೀನ್ಸ್ ಪಾನ್ ಓಪನಿಂಗ್. ನಾನು 'ಮಂತ್ರಿಯ ಕಾಲಾಳು' ಎಂದು ಬರೆದೆ. ಓದಿದರೆ ಯಾವುದೋ ಮಂತ್ರಿಯ ಮನೆಯ ಆಳು ಅನ್ನಿಸುತ್ತದೆ, ಅಲ್ವಾ? ಅಪ್ಪನ 'ಮುಂದಿನ' ಸೇರಿಸಿದರೆ ಆ ತೊಡಕಿಲ್ಲ. ಕಾಯಿ ಎಲ್ಲಿ ನಿಂತಿದೆ ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಅದರ ಮೇಲೆ 'ಆರಂಭ' ಹೇರಿದರೆ ಹೆಸರು ತುಂಬಾ ಉದ್ದ.

ಕಾಲಾಳು ಬಿಡಲು ನನಗೆ ಮನಸ್ಸಿಲ್ಲ. ಪಾರ್ಸಿಯಿಂದ ಬಂದ ಪ್ಯಾದೆ, ಇಂಗ್ಲಿಷಿನ ಪಾನ್, ಎರಡರ ಬೇರಿನಲ್ಲೂ ಇರುವುದು ಕಾಲೇ. ನಮ್ಮಲ್ಲಿ ಅದು ಬಿಚ್ಚಿಟ್ಟ ಹಾಗಿದೆ.

ಮಂತ್ರಿಯ ಪರವೂ ಇದ್ದೇನೆ. ಪರ್ಶಿಯಾದಲ್ಲಿ ಈ ಕಾಯಿ ಮಂತ್ರಿಯೇ. ಓರೆಯಾಗಿ ಒಂದೊಂದೇ ಮನೆ ಹೋಗುತ್ತಿತ್ತು. ರಾಣಿಯಾದದ್ದು ಯುರೋಪಿನಲ್ಲಿ. ಈಗಿನ ಓಟ ಸಿಕ್ಕಿದ್ದು 15ನೇ ಶತಮಾನದ ಕೊನೆಗೆ.

ಇನ್ನೊಂದು ಸಂಗತಿ ಆಟದ ಕೊನೆಯನ್ನು ಬರೆಯುವಾಗ ಹೊಳೆಯಿತು. ಅಪ್ಪ ಕ್ಯಾಸ್ಲಿಂಗ್ (ರಾಜನನ್ನು ಎರಡು ಮನೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತರುವ ನಡೆ) ಮಾಡಿದ್ದರು. ಬಿಳಿ ಒಂಟೆ ಎಚ್7ರ ಕಾಲಾಳನ್ನು ಹೊಡೆದು ಚೆಕ್ ಕೊಟ್ಟಿತು, ಅಂದರೆ ರಾಜನ ಮೇಲೇ ದಾಳಿ. ರಾಜ ಒಂಟೆಯನ್ನು ಹೊಡೆದ. ಕುದುರೆ ಜಿ5ಕ್ಕೆ ಹಾರಿತು, ಮತ್ತೆ ಚೆಕ್. ರಾಜ ಜಿ8ಕ್ಕೆ ವಾಪಸ್ ಹೋದ. ಮಂತ್ರಿ ಎಚ್5ಕ್ಕೆ ಬಂತು. ಅಪ್ಪ ಬೇರೆ ಕಡೆ ಕಾಲಾಳು ನೂಕಿದರು. ಮಂತ್ರಿ ಎಚ್7ಕ್ಕೆ ಇಳಿಯಿತು, ಮೇಟ್: ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಆಟ ಮುಗಿಯಿತು.

ನೋಡಿ, ರಾಜ 'ಹೋದ', ಮಂತ್ರಿ 'ಬಂತು'. ಸುಮ್ನೆ ಕೈಗೆ ಬಂದ ಹಾಗೆ ಬರೆದದ್ದು. ಮಗಳೂ "ರಾಣಿ ಬಂತು" ಅನ್ನುತ್ತಾಳೆ, "ಬಂದಳು" ಅನ್ನುವುದಿಲ್ಲ. ರಾಜನಿಗೆ ಮಾತ್ರ ಯಾಕೆ ಈ ಮರ್ಯಾದೆ?

ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯವರು ಹೇಳಿ. ನಿಮ್ಮ ಮನೆಯಲ್ಲಿ ಹಿರಿಯರು ಆಡುವಾಗ ಈ ಕಾಯಿಗಳಿಗೆ ಏನನ್ನುತ್ತಿದ್ದರು? ಡಿ4 ಶುರುವಿಗೆ 'ಮಂತ್ರಿಗಾಲಾಳು' ಎಂದು ಸಮಾಸ ಮಾಡಿದರೆ ಕಿವಿಗೆ ಒಗ್ಗುತ್ತದಾ?