ಝೆಡ್‌ಎಸ್‌ಎಂ-5 ಜಾಸ್ತಿ ಹಾಕಿದರೂ ಪ್ರೊಪಿಲೀನ್ ಏರುತ್ತಿಲ್ಲ, ಯಾಕೆ?

ರೈಸರ್‌ಹುಡುಗ:
ಎಲ್ಲರಿಗೂ ನಮಸ್ಕಾರ. ಪೆಟ್ರೋಲ್‌ಗೆಂದೇ ಕಟ್ಟಿದ ಹಳೇ ಎಫ್‌ಸಿಸಿ ಯೂನಿಟ್ (ಭಾರೀ ಎಣ್ಣೆಯನ್ನು ಕ್ಯಾಟಲಿಸ್ಟ್‌ನಿಂದ ಒಡೆಯುವ ಘಟಕ) ನಮ್ಮದು. ಈಗ ಪ್ಲಾಸ್ಟಿಕ್‌ಗೆ ಬಳಸುವ ಪ್ರೊಪಿಲೀನ್ ಗ್ಯಾಸ್ ಬೇಕಂತೆ. ಕ್ಯಾಟಲಿಸ್ಟ್ ಜೊತೆ ಝೆಡ್‌ಎಸ್‌ಎಂ-5 ಅಡಿಟಿವ್ ಶೇ. 3 ಹಾಕಿದಾಗ ಪ್ರೊಪಿಲೀನ್ ಶೇ. 4.5ರಿಂದ 6.5ಕ್ಕೆ ಬಂತು. ಖುಷಿಯಾಗಿ ಶೇ. 6 ಮಾಡಿದೆವು, ಅಲ್ಲಿಗೆ ನಿಂತುಬಿಟ್ಟಿತು. ಪೆಟ್ರೋಲ್ ಮಾತ್ರ ಇಳಿಯುತ್ತಲೇ ಇದೆ. ರೈಸರ್ (ಎಣ್ಣೆ ಒಡೆಯುವ ಉದ್ದ ಪೈಪ್) 525 ಡಿಗ್ರಿ, ಕ್ಯಾಟಲಿಸ್ಟ್‌ನಲ್ಲಿ ರೇರ್ ಅರ್ಥ್ (ಲ್ಯಾಂಥನಮ್ ಥರದ ಲೋಹಗಳು) ಶೇ. 2.8. ಎಲ್ಲಿ ತಪ್ಪುತ್ತಿದ್ದೇವೆ?

ಜಿಯೋಲೈಟ್_ಪ್ರಿಯ:
ರೇರ್ ಅರ್ಥ್ ಜಾಸ್ತಿಯಾಯಿತು. ಝೆಡ್‌ಎಸ್‌ಎಂ-5ರ ರಂಧ್ರ ಸುಮಾರು 5.5 ಆಂಗ್‌ಸ್ಟ್ರಾಮ್ ಅಷ್ಟೇ, ಯೂನಿಟ್‌ಗೆ ಬರುವ ಭಾರೀ ಎಣ್ಣೆ, ಅಂದರೆ ಗ್ಯಾಸ್ ಆಯಿಲ್‌ನ ದೊಡ್ಡ ಅಣು ಅದರೊಳಗೆ ನುಗ್ಗುವುದಿಲ್ಲ. ಮುಖ್ಯ ಕ್ಯಾಟಲಿಸ್ಟ್ ಒಡೆದುಕೊಟ್ಟ ಪೆಟ್ರೋಲ್ ಒಲೆಫಿನ್‌ಗಳೇ (ಡಬಲ್ ಬಾಂಡ್ ಇರುವ ಅಣುಗಳು) ಅದಕ್ಕೆ ಊಟ. ರೇರ್ ಅರ್ಥ್ ಜಾಸ್ತಿ ಇದ್ದರೆ ಹೈಡ್ರೋಜನ್ ಟ್ರಾನ್ಸ್‌ಫರ್ ಜೋರಾಗಿ ನಡೆದು ಆ ಒಲೆಫಿನ್‌ಗಳೆಲ್ಲ ಪ್ಯಾರಾಫಿನ್, ಆರೊಮ್ಯಾಟಿಕ್ ಆಗಿಬಿಡುತ್ತವೆ, ಝೆಡ್‌ಎಸ್‌ಎಂ-5ಗೆ ಊಟ ಸಿಗುವುದಿಲ್ಲ. ಕಡಿಮೆ ರೇರ್ ಅರ್ಥ್‌ನ ಕ್ಯಾಟಲಿಸ್ಟ್ ಕೇಳಿ. ಆಕ್ಟಿವಿಟಿ ಸ್ವಲ್ಪ ಬೀಳುತ್ತದೆ, ಹೊಸ ಕ್ಯಾಟಲಿಸ್ಟ್ ಹೆಚ್ಚು ಹಾಕಬೇಕಾಗುತ್ತದೆ.

ನೈಟ್‌ಶಿಫ್ಟ್:
ಮೇಲಿನ ಮಾತು ಸರಿಯೇ. ಆದರೆ ಪೆಟ್ರೋಲ್ ಇಳಿಯುತ್ತಿದೆ ಅಂದಿರಲ್ಲ, ಅಂದರೆ ಅದು ಒಡೆಯುತ್ತಲೇ ಇದೆ ಅಲ್ವಾ? ಹಾಗಾದರೆ ಪ್ರೊಪಿಲೀನ್ ಎಲ್ಲಿಗೆ ಹೋಯಿತು? ಕ್ಯಾಟಲಿಸ್ಟ್ ಮುಟ್ಟುವ ಮುಂಚೆ ಫ್ಯುಯಲ್ ಗ್ಯಾಸ್ (ಫರ್ನೇಸ್‌ನಲ್ಲಿ ಉರಿಸುವ ಗ್ಯಾಸ್) ಸ್ಯಾಂಪಲ್ ತೆಗೆಸಿ, ಅದರಲ್ಲಿ ಸಿ3 (ಪ್ರೊಪಿಲೀನ್, ಪ್ರೊಪೇನ್) ಎಷ್ಟಿದೆ ನೋಡಿ. ನಾನು ಮೊದಲು ಇದ್ದ ಕಡೆ ಇದೇ ಕಥೆ. ಏಪ್ರಿಲ್ ಮಧ್ಯಾಹ್ನ ಕೂಲಿಂಗ್ ವಾಟರ್ ಬಿಸಿಯಾಗಿ, ಮೇನ್ ಕಾಲಂ (ಒಡೆದ ಎಣ್ಣೆಯನ್ನು ಬೇರ್ಪಡಿಸುವ ಗೋಪುರ) ಮೇಲಿನ ಗ್ಯಾಸ್ ಕಂಡೆನ್ಸ್ ಆಗದೆ, ಆ ಗ್ಯಾಸ್ ಒತ್ತುವ ವೆಟ್ ಗ್ಯಾಸ್ ಕಂಪ್ರೆಸರ್ ಫುಲ್ ಲೋಡ್‌ನಲ್ಲಿ ಓಡುತ್ತಿತ್ತು. ಅಬ್ಸಾರ್ಬರ್‌ನಲ್ಲಿ (ಗ್ಯಾಸ್‌ನಿಂದ ಪ್ರೊಪಿಲೀನ್ ಹೀರುವ ಗೋಪುರ) ಹಿಡಿಯಬೇಕಾದ ಪ್ರೊಪಿಲೀನ್ ಫರ್ನೇಸ್‌ಗೆ ಹೋಗಿ ಉರಿಯುತ್ತಿತ್ತು. ರಾತ್ರಿ ಎರಡು ಗಂಟೆಗೆ ತಣ್ಣಗಾದ ಮೇಲೆ ಪ್ರೊಪಿಲೀನ್ ಸೇರಿರುವ ಎಲ್‌ಪಿಜಿ ತಾನಾಗಿ ಏರುತ್ತಿತ್ತು. ನೆನಪಿಡಿ, ಅಬ್ಸಾರ್ಬರ್‌ಗೆ ಬೇಕಾದ ಲೀನ್ ಆಯಿಲ್ (ಗ್ಯಾಸ್ ಹೀರುವ ಎಣ್ಣೆ) ಕೂಡ ನಿಮ್ಮ ಪೆಟ್ರೋಲೇ. ಪೆಟ್ರೋಲ್ ಕಮ್ಮಿ, ಹಿಡಿಯಬೇಕಾದ ಗ್ಯಾಸ್ ಜಾಸ್ತಿ, ಎರಡೂ ಒಟ್ಟಿಗೆ ಬರುತ್ತದೆ. ಡಿಬ್ಯುಟನೈಸರ್ (ಪೆಟ್ರೋಲ್‌ನಿಂದ ಎಲ್‌ಪಿಜಿ ಬೇರ್ಪಡಿಸುವ ಗೋಪುರ) ತಳದ ಪೆಟ್ರೋಲ್ ಇನ್ನಷ್ಟು ಅಬ್ಸಾರ್ಬರ್‌ಗೆ ತಿರುಗಿಸಿ, ಅಬ್ಸಾರ್ಬರ್ ತಣ್ಣಗಿಡುವ ಇಂಟರ್‌ಕೂಲರ್ ತೊಳೆಸಿ.

ಜಿಯೋಲೈಟ್_ಪ್ರಿಯ:
ಇದು ನನಗೆ ಹೊಳೆದೇ ಇರಲಿಲ್ಲ, ಮೊದಲು ಇದನ್ನೇ ನೋಡಿ. ಇನ್ನೊಂದು, ಸುಮ್ನೆ ಶೇ. 20 ಪ್ರೊಪಿಲೀನ್‌ನ ಕನಸು ಬೇಡ. ಮಂಗಳೂರಿನ ಎಂಆರ್‌ಪಿಎಲ್‌ನ ಪೆಟ್ರೋ ಎಫ್‌ಸಿಸಿ ಇರಲಿ, ಇಂಡಿಯನ್ ಆಯಿಲ್ 2003ರಲ್ಲಿ ಗುವಾಹಟಿಯಲ್ಲಿ ಶುರು ಮಾಡಿದ ಇಂಡ್‌ಮ್ಯಾಕ್ಸ್ ಇರಲಿ, ಅವೆಲ್ಲ ಇದಕ್ಕೆಂದೇ ಕಟ್ಟಿದ ಯೂನಿಟ್‌ಗಳು. ನಿಮ್ಮ ರೈಸರ್ 535ಕ್ಕೆ ಏರಿಸಬಹುದು, ಆದರೆ ಡ್ರೈ ಗ್ಯಾಸ್ (ಮೀಥೇನ್, ಈಥೇನ್ ಥರದ ಹಗುರ ಗ್ಯಾಸ್) ಏರುತ್ತದೆ, ಅದೂ ಅದೇ ಕಂಪ್ರೆಸರ್ ತಲೆ ಮೇಲೆ.

ರೈಸರ್‌ಹುಡುಗ:
ಸ್ಯಾಂಪಲ್ ಬಂತು ಸರ್. ಫ್ಯುಯಲ್ ಗ್ಯಾಸ್‌ನಲ್ಲಿ ಪ್ರೊಪಿಲೀನ್ ಮೊದಲಿನ ಎರಡರಷ್ಟಿದೆ! ಇಂಟರ್‌ಕೂಲರ್ ಬಿಚ್ಚುವ ಪರ್ಮಿಟ್ ನಾಳೆ ಬೆಳಿಗ್ಗೆ ಹಾಕುತ್ತಿದ್ದೇನೆ. ಅದು ಮುಗಿಯುವವರೆಗೆ ಅಡಿಟಿವ್ ಮತ್ತೆ ಶೇ. 3ಕ್ಕೆ.