ಪದಚರ್ಚೆ: ಅಮೆರಿಕದ 'ಡೈನರ್'ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಳೆಯ ರಸ್ತೆಬದಿ ಹೋಟೆಲ್‌ಗಳಾದ ಡೈನರ್‌ಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಆ ಪದದ ಹತ್ತಿರ ಬಂದಾಗಲೆಲ್ಲ ಪೆನ್ನು ನಿಂತುಬಿಡುತ್ತಿದೆ. ನಿಮ್ಮ ಸಲಹೆ ಬೇಕು.

ಮೊದಲು ಹೊಳೆಯುವುದು 'ಢಾಬಾ'. ರಸ್ತೆ ಬದಿ, ಕಡಿಮೆ ಬೆಲೆ, ತಡರಾತ್ರಿಯ ಊಟ. ಅಷ್ಟರ ಮಟ್ಟಿಗೆ ಸರಿ. ಆದರೆ ಢಾಬಾ ಅಂದಕೂಡಲೇ ಹಗ್ಗದ ಮಂಚ, ತಂದೂರಿ ಒಲೆ ಕಣ್ಣಮುಂದೆ ಬರುತ್ತವೆ. ಡೈನರ್‌ನ ಗುರುತು ಅದರ ಊಟಕ್ಕಿಂತ ಅದರ ಕಟ್ಟಡದಲ್ಲೇ ಜಾಸ್ತಿ ಇದೆ. ಅದು ಕಾರ್ಖಾನೆಯಲ್ಲೇ ತಯಾರಾಗಿ ಬಂದು ರಸ್ತೆ ಬದಿ ಕೂತ ಹೋಟೆಲ್ಲು.

ಶುರುವಾಗಿದ್ದು ಕುದುರೆಗಾಡಿಯಿಂದ. 1872ರಲ್ಲಿ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಎಂಬುವರು ರಾತ್ರಿಪಾಳಿಯವರಿಗೆ ಗಾಡಿಯಲ್ಲಿ ತಿಂಡಿ ಮಾರತೊಡಗಿದರು. ಗಿರಾಕಿಗಳು ಬೀದಿಯಲ್ಲೇ ನಿಂತು ತಿನ್ನಬೇಕಿತ್ತು. 1887ರಲ್ಲಿ ವೂಸ್ಟರ್ ಊರಿನ ಸ್ಯಾಮ್ಯುಯೆಲ್ ಜೋನ್ಸ್ ಒಳಗೇ ನಿಂತು ತಿನ್ನುವಂಥ ಗಾಡಿ ತಂದರು. ಆಮೇಲೆ ಅದೇ ಊರಿನಲ್ಲಿ 1906ರಲ್ಲಿ ಇಂಥ ಹೋಟೆಲ್‌ಗಳನ್ನು ಕಾರ್ಖಾನೆಯಲ್ಲೇ ತಯಾರಿಸುವ ವೂಸ್ಟರ್ ಲಂಚ್ ಕಾರ್ ಕಂಪನಿ ಹುಟ್ಟಿತು.

ಕಾರ್ಖಾನೆಯಿಂದ ರಸ್ತೆಯಲ್ಲೋ ರೈಲಿನಲ್ಲೋ ಸಾಗಿಸಬೇಕಾದ್ದರಿಂದ ಡೈನರ್ ತುಂಬ ಅಗಲ ಇರುವ ಹಾಗಿರಲಿಲ್ಲ. ಹಾಗಾಗಿ ಉದ್ದಕ್ಕೆ ಬೆಳೆಯಿತು. ಒಳಗೆ ಉದ್ದಕ್ಕೂ ಒಂದೇ ಕೌಂಟರ್, ಅದರ ಮುಂದೆ ನೆಲಕ್ಕೆ ಬಿಗಿದ ಸ್ಟೂಲ್‌ಗಳ ಸಾಲು. ಅಡುಗೆಯವರು ಆಚೆ ಬದಿ ಮೊಟ್ಟೆ ಒಡೆದು ಕಾವಲಿಗೆ ಹಾಕುವುದು ಗಿರಾಕಿಗೆ ಕೂತಲ್ಲೇ ಕಾಣುತ್ತದೆ. ಈ ರೂಪ ರೈಲಿನ ಊಟದ ಬೋಗಿಯನ್ನು ಹೋಲುತ್ತಿದ್ದರಿಂದ 'ಡೈನರ್' ಎಂಬ ಹೆಸರು ಅಂಟಿಕೊಂಡಿತು. ಹಳೆಯ ಬೋಗಿಗಳನ್ನೇ ಹೋಟೆಲ್ ಮಾಡಿದರು ಅಂತ ಬಹಳ ಜನ ನಂಬಿದ್ದಾರೆ. ಕೆಲವು ಟ್ರಾಮ್ ಬೋಗಿಗಳು ಹಾಗೆ ಬದಲಾದದ್ದು ನಿಜ. ಆದರೆ ಹೆಚ್ಚಿನವು ಹೋಟೆಲ್ ಆಗಲೆಂದೇ ತಯಾರಾದವು.

ರೋಡ್ ಐಲೆಂಡ್‌ನದೇ ಪಾಟಕೆಟ್ ಊರಿನ 'ಮಾಡರ್ನ್ ಡೈನರ್' ನೋಡಿ. 'ಸ್ಟರ್ಲಿಂಗ್ ಸ್ಟ್ರೀಮ್‌ಲೈನರ್' ಎಂಬ ಮಾದರಿಯದು. ಅದರ ಒಂದು ತುದಿ ಆ ಕಾಲದ ವೇಗದ ರೈಲಿನ ಮೂತಿಯಂತೆ ಹಿಂದಕ್ಕೆ ವಾಲಿದೆ. 1978ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆ ಗೌರವ ಪಡೆದ ಮೊದಲ ಡೈನರ್ ಇದೇ.

ಈಗ ಪದಕ್ಕೆ ಬರೋಣ. 'ಖಾನಾವಳಿ' ಅಂದರೆ ಜೋಳದ ರೊಟ್ಟಿಯೇ ನೆನಪಾಗುತ್ತದೆ, ಅಲ್ವಾ? 'ದರ್ಶಿನಿ'ಯಲ್ಲೂ ಅಡುಗೆ ಕಣ್ಣಿಗೆ ಕಾಣುತ್ತದೆ, ಆದರೆ ಅದು ಬೆಂಗಳೂರಿನದೇ ಆದ, ನಿಂತು ತಿನ್ನುವ ಪದ್ಧತಿ. 'ಉಪಾಹಾರ ಗೃಹ' ಬೋರ್ಡಿಗೆ ಚೆಂದ, ಆಕಾರ ಹೇಳುವುದಿಲ್ಲ. ನನಗೆ ಹಿಡಿಸಿದ್ದು 'ಬೋಗಿ ಹೋಟೆಲ್'. ಮೊದಲ ಸಲ ಹಾಗೆ ಪರಿಚಯಿಸಿ, ಮುಂದೆ 'ಡೈನರ್' ಎಂದೇ ಬರೆದರೆ ಓದುಗರಿಗೆ ತೊಡಕಾಗದು ಅನ್ನಿಸುತ್ತದೆ. ನೀವೇನಂತೀರಿ?

ಇನ್ನೊಂದು ಪದವೂ ಬೇಕು. ಕೆಲವು ಹಳೆಯ ಡೈನರ್‌ಗಳ ಚಾವಣಿಯ ನಡುಭಾಗವನ್ನು ಉದ್ದಕ್ಕೂ ಎತ್ತರಿಸಿ, ಎರಡೂ ಪಕ್ಕ ಸಣ್ಣ ಕಿಟಕಿಗಳನ್ನು ಇಟ್ಟಿರುತ್ತಾರೆ. ಹಿಂದಿನ ಕಾಲದ ರೈಲು ಬೋಗಿಗಳಿಗೂ ಇಂಥದೇ ಚಾವಣಿ ಇತ್ತು. ಹುಬ್ಬಳ್ಳಿ ಅಥವಾ ಮೈಸೂರಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡಿದವರು ಇದನ್ನು ಏನೆಂದು ಕರೆಯುತ್ತಿದ್ದರು? ನಿಮ್ಮ ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ದೊಡ್ಡ ಉಪಕಾರ.