ಐದು ಮಳೆಗಾಲ ನಿಂತ ಡೀಸೆಲ್ ಜೀಪು: ಸ್ಟಾರ್ಟ್ ಮಾಡುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):
ಎಲ್ಲರಿಗೂ ನಮಸ್ಕಾರ. ಅಪ್ಪಯ್ಯ ಓಡಿಸುತ್ತಿದ್ದ ಹಳೆ ಮಹೀಂದ್ರಾ ಜೀಪು, ಡೀಸೆಲ್. ಅವರು ಹೋದ ಮೇಲೆ ಕೊಟ್ಟಿಗೆ ಪಕ್ಕದ ಮಾಡಿನಲ್ಲೇ ನಿಂತಿದೆ. ಐದು ಮಳೆಗಾಲ ಆಯಿತು. ಈ ಸಲ ಅಡಿಕೆ ಕೊಯ್ಲಿನ ಹೊತ್ತಿಗೆ ಓಡಾಡುವ ಹಾಗೆ ಮಾಡಬೇಕು ಅಂತ ಆಸೆ. ಪಕ್ಕದ ಮನೆಯವರು, "ಹೊಸ ಬ್ಯಾಟರಿ ಹಾಕು, ಆಗದಿದ್ದರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯೋಣ" ಅನ್ನುತ್ತಿದ್ದಾರೆ. ಹಾಗೆ ಮಾಡಬಹುದಾ?

ಉತ್ತರ (ಮೆಕ್ಯಾನಿಕ್, ಕುಮಟಾ):
ಎಳೆಯಬೇಡಿ ಮಾರಾಯ್ರೇ. ಒಳಗೆ ಪಿಸ್ಟನ್ ಹಿಡಿದುಕೊಂಡಿದ್ದರೆ ಟ್ರ್ಯಾಕ್ಟರ್ ಎಳೆದ ರಭಸಕ್ಕೆ ಏನಾದರೊಂದು ಮುರಿಯುತ್ತದೆ. ಬ್ಯಾಟರಿಯೂ ಸದ್ಯ ಅಂಗಡಿಯಲ್ಲೇ ಇರಲಿ, ಆಮೇಲೆ ತಂದರಾಯಿತು.

ಸ್ಟಾರ್ಟ್ ಮಾಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ನೋಡುವುದು ಇದನ್ನು ನಿಲ್ಲಿಸುವುದು ಹೇಗೆ ಅಂತ. ಹಳೇ ಡೀಸೆಲ್ ಎಂಜಿನ್ನಿಗೆ ಕರೆಂಟಿನ ಹಂಗಿಲ್ಲ. ಒಮ್ಮೆ ಹತ್ತಿಕೊಂಡರೆ ಕೀ ತೆಗೆಯಿರಿ, ಬ್ಯಾಟರಿ ವೈರ್ ಕೀಳಿರಿ, ಅದರ ಪಾಡಿಗೆ ಓಡುತ್ತಲೇ ಇರುತ್ತದೆ. ಡೀಸೆಲ್ ಪಂಪಿನೊಳಗೆ ಒಂದು ರ‍್ಯಾಕ್ ಇದೆ. ಎಷ್ಟು ಡೀಸೆಲ್ ಹೋಗಬೇಕು ಅಂತ ಅಳೆಯುವುದು ಅದೇ. ವರ್ಷಗಟ್ಟಲೆ ನಿಂತರೆ ಹಳೇ ಡೀಸೆಲ್ ಅಂಟಾಗಿ ರ‍್ಯಾಕ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಪೂರ್ತಿ ತೆರೆದ ಜಾಗದಲ್ಲಿ ಕಚ್ಚಿದ್ದರೆ ಸ್ಟಾರ್ಟ್ ಆದ ಕ್ಷಣವೇ ಎಂಜಿನ್ ಕೂಗುತ್ತಾ ಮೇಲೇರುತ್ತದೆ. ಡೀಸೆಲ್ ಕಡಿದು ಎಂಜಿನ್ ನಿಲ್ಲಿಸುವ ಸ್ಟಾಪ್ ನಾಬ್ ಎಳೆದರೂ ಕೇಳುವುದಿಲ್ಲ. ನಮ್ಮ ಗ್ಯಾರೇಜಿನಲ್ಲೇ ಒಂದು ಟೆಂಪೋ ಹೀಗೆ ಮಾಡಿ, ಅಲ್ಲಿದ್ದವರೆಲ್ಲ ರಸ್ತೆಗೆ ಓಡಿದ್ದೆವು.

ಅದಕ್ಕೆ ಬಾನೆಟ್ ತೆಗೆದು, ಸ್ಟಾಪ್ ಕೇಬಲ್ ಪಂಪಿನ ಯಾವ ಲಿವರಿಗೆ ಹೋಗುತ್ತದೆ ನೋಡಿ. ಬೆರಳಿನಿಂದ ಆಡಿಸಿ. ಹಗುರಾಗಿ ಹೋಗಿ, ಬಿಟ್ಟ ಕೂಡಲೇ ತಾನೇ ವಾಪಸ್ ಬರಬೇಕು. ಬಿಗಿಯಿದ್ದರೆ ಅಲ್ಲಿಗೇ ನಿಲ್ಲಿಸಿ, ಪಂಪ್ ಬಿಚ್ಚಿ ಪಂಪ್ ರಿಪೇರಿಯವರಿಗೆ ಕೊಡಿ. ಸ್ಟಾರ್ಟ್ ಮಾಡುವ ದಿನ ಏರ್ ಫಿಲ್ಟರಿನ ಪೈಪು ಕಳಚಿಟ್ಟು, ಗಾಳಿ ಎಳೆಯುವ ಬಾಯಿಗೆ ಸರಿಯಾಗಿ ಮುಚ್ಚುವ ದಪ್ಪ ಹಲಗೆಯ ತುಂಡು ಹಿಡಿದು ಒಬ್ಬರು ನಿಂತಿರಲಿ. ಗಾಳಿ ಇಲ್ಲದಿದ್ದರೆ ನಿಲ್ಲಲೇಬೇಕು. ಬಟ್ಟೆ ಬೇಡ, ಒಳಗೆ ಎಳೆದುಕೊಳ್ಳುತ್ತದೆ. ಕೈಯಂತೂ ಬೇಡವೇ ಬೇಡ.

ಪ್ರಶ್ನೆ:
ಈಗಷ್ಟೇ ನೋಡಿ ಬಂದೆ. ಲಿವರ್ ಅಲ್ಲಾಡುತ್ತದೆ, ಆದರೆ ವಾಪಸ್ ಬರುವುದಿಲ್ಲ! ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು, ಅಡಿಕೆ ಸಿಪ್ಪೆ ಒಂದು ಬುಟ್ಟಿ ಸಿಕ್ಕಿತು.

ಉತ್ತರ:
ನೋಡಿದಿರಾ, ಎಳೆದಿದ್ದರೆ ಏನಾಗುತ್ತಿತ್ತು! ಪಂಪ್ ಕೊಟ್ಟು ಬನ್ನಿ. ಬಿಚ್ಚುವ ಮೊದಲು ಎಂಜಿನ್ನಿಗೂ ಪಂಪಿಗೂ ಗುರುತು ಹಾಕಿ, ಇಲ್ಲದಿದ್ದರೆ ಡೀಸೆಲ್ ಚಿಮ್ಮುವ ಟೈಮಿಂಗ್ ಕೂರಿಸಲು ಪರದಾಡಬೇಕು.

ಅದು ಬರುವವರೆಗೆ ಟ್ಯಾಂಕ್ ಕೆಲಸ. ಅರ್ಧ ಖಾಲಿ ಟ್ಯಾಂಕಿನಲ್ಲಿ ಥಂಡಿಗೆ ನೀರು ಕೂರುತ್ತದೆ. ಡೀಸೆಲ್‌ಗಿಂತ ನೀರು ಭಾರ, ತಳಕ್ಕಿಳಿಯುತ್ತದೆ. ಎರಡೂ ಸೇರುವ ಕಡೆ ಕಪ್ಪು ಲೋಳೆ ಬೆಳೆಯುತ್ತದೆ. ತದಡಿ ಬಂದರಿನಲ್ಲಿ ಬೋಟಿನವರನ್ನು ಕೇಳಿ. ಜೂನ್ 1ರಿಂದ 61 ದಿನ ಮೀನುಗಾರಿಕೆ ಬಂದ್. ತಿಳಿದವರು ಟ್ಯಾಂಕ್ ತುಂಬಿಸಿಯೇ ಬೋಟ್ ಕಟ್ಟುತ್ತಾರೆ, ಗಾಳಿಗೆ ಜಾಗವೇ ಇರಬಾರದು ಅಂತ. ನಿಮ್ಮದನ್ನು ಪೂರ್ತಿ ಖಾಲಿ ಮಾಡಿ. ಮೊದಲ ಲೋಟವನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಬಿಟ್ಟು ನೋಡಿ, ಕಥೆಯೆಲ್ಲ ಅದರಲ್ಲೇ ಕಾಣುತ್ತದೆ. ಡೀಸೆಲ್ ಫಿಲ್ಟರ್ ಹೊಸದು ಹಾಕಿ. ರಬ್ಬರ್ ಪೈಪುಗಳನ್ನೂ ಬದಲಿಸಿ. ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪು ಒಡೆದಿದ್ದರೆ ಡೀಸೆಲ್ ಹೊರಗೆ ಸೋರಬೇಕೆಂದೇನೂ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ಸುಮ್ನೆ ವಾರಗಟ್ಟಲೆ ಹುಡುಕುತ್ತೀರಿ.

ಆಮೇಲೆ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ, ಪ್ರತಿ ತೂತಿಗೆ ಎರಡು ಚಮಚ ಎಂಜಿನ್ ಆಯಿಲ್. ಒಂದು ದಿನ ಬಿಡಿ. ಗೇರು ನ್ಯೂಟ್ರಲ್ ಇದೆಯಾ ನೋಡಿ, ಮುಂದಿನ ಪುಲ್ಲಿಗೆ ಪಾನ ಹಾಕಿ ಕೈಯಲ್ಲಿ ತಿರುಗಿಸಿ. ಎರಡು ಪೂರ್ತಿ ಸುತ್ತು ಬಂದರೆ ಎಂಜಿನ್ ಜೀವಂತ. ಬರದಿದ್ದರೆ ಪಾನಕ್ಕೆ ಉದ್ದ ಪೈಪು ಸಿಕ್ಕಿಸಿ ಜೋರು ಮಾಡಬೇಡಿ, ಮತ್ತೆ ಆಯಿಲ್ ಬಿಟ್ಟು ಕಾಯಿರಿ. ಇಂಜೆಕ್ಟರ್ ಹಾಕುವ ಮೊದಲು ಒಮ್ಮೆ ಸೆಲ್ಫ್ ಹೊಡೆದು ಒಳಗುಳಿದ ಆಯಿಲ್ ಹೊರಗೆ ಹಾರಿಸಿ. ಅದು ಒಳಗೇ ಉಳಿದರೆ ಪಿಸ್ಟನ್ ಒತ್ತಿದರೂ ಕುಗ್ಗುವುದಿಲ್ಲ, ಪಿಸ್ಟನ್ನಿನ ರಾಡ್ ಬಾಗುತ್ತದೆ.

ಎಂಜಿನ್ ಆಯಿಲ್, ಕೂಲೆಂಟ್ ಹೊಸದು. ಹಳೇ ಆಯಿಲ್ ಹಾಲಿನ ಚಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ, ಮೊದಲು ನನಗೆ ಫೋಟೋ ಹಾಕಿ.

ಇನ್ನೊಬ್ಬರು (ಕಾರವಾರ):
ಅಣ್ಣ, ನನ್ನದು ಕಾಮನ್ ರೈಲ್ ಕಾರು, ಈಗಿನ ಕಂಪ್ಯೂಟರ್ ಡೀಸೆಲ್ ಎಂಜಿನ್. ಎರಡು ವರ್ಷದಿಂದ ನಿಂತಿದೆ. ನಾನೇ ಡೀಸೆಲ್ ಪೈಪ್ ಸಡಿಲಿಸಿ ಒಳಗೆ ಸೇರಿದ ಗಾಳಿ ತೆಗೆಯಬಹುದಾ?

ಉತ್ತರ:
ಬೇಡ ತಮ್ಮಾ. ಅದರಲ್ಲಿ 1000 ಬಾರ್ ಮೇಲೆ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅದನ್ನು ಸ್ಕ್ಯಾನರ್ ಇರುವವರ ಹತ್ತಿರ ಒಯ್ಯಿರಿ. ಬ್ರೇಕೂ ನೋಡಿಸಿ, ಕಡಲ ಉಪ್ಪು ಗಾಳಿಗೆ ಡಿಸ್ಕ್ ತುಕ್ಕು ತಿಂದಿರುತ್ತದೆ.

ಪ್ರಶ್ನೆ (ಮೂರು ವಾರದ ನಂತರ, ಶಿರಸಿಯವರು):
ಪಂಪ್ ಬಂತು. ಬಾಟಲಿಯಲ್ಲಿ ಕಾಲು ಭಾಗ ನೀರು, ನಡುವೆ ಕಪ್ಪು ಲೋಳೆ, ನೀವು ಹೇಳಿದ ಹಾಗೇ. ಎಂಜಿನ್ ಕೈಯಲ್ಲಿ ತಿರುಗಿತು. ಬ್ಯಾಟರಿಯೂ ತಂದೆ. ನಾಳೆ ಬೆಳಿಗ್ಗೆ ಸ್ಟಾರ್ಟ್.

ಉತ್ತರ:
ಮೊದಲು ಪೈಪಿನೊಳಗಿನ ಗಾಳಿ ತೆಗೆಯಬೇಕು. ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈ ಪಂಪ್ ಹೊಡೆಯಿರಿ. ಮೊದಲು ನೊರೆ ಬರುತ್ತದೆ. ನೊರೆ ಹೋಗಿ ಬರೀ ಡೀಸೆಲ್ ಬಂದ ಮೇಲೆ ಬಿಗಿಮಾಡಿ. ಪಂಪಿನ ಸ್ಕ್ರೂಗೂ ಹೀಗೇ. ಸ್ಟಾಪ್ ನಾಬ್ ಎಳೆದೇ ಇಟ್ಟು ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ನಡುವೆ ಒಂದೊಂದು ನಿಮಿಷ ಬಿಡಿ. ಆಯಿಲ್ ಲೈಟ್ ಆರಿದ ಮೇಲೆ ನಾಬ್ ಒಳಗೆ ತಳ್ಳಿ. ಬೇಗ ಹತ್ತಲಿ ಅಂತ ಈಥರ್ ಸ್ಪ್ರೇ ಹೊಡೆಯುವವರನ್ನು ಹತ್ತಿರ ಸೇರಿಸಬೇಡಿ. ಹಲಗೆ ಮರೆಯಬೇಡಿ!

ಪ್ರಶ್ನೆ (ಮರುದಿನ):
ಸ್ಟಾರ್ಟ್ ಆಯಿತು! ಅಂಗಳವೆಲ್ಲ ಬಿಳಿ ಹೊಗೆ. ಆಯಿ ಒಳಗಿಂದ ಓಡಿ ಬಂದರು. ಹಲಗೆ ಹಿಡಿದ ಭಾವ ಇನ್ನೂ ನಡುಗುತ್ತಿದ್ದಾನೆ. ಎರಡು ಸಮಸ್ಯೆ. ಕಾಲು ಗಂಟೆ ಓಡಿ ತಾನೇ ಬಂದ್ ಬಿತ್ತು, ಮತ್ತೆ ಹತ್ತುತ್ತಿಲ್ಲ. ಕ್ಲಚ್ ಒತ್ತಿದರೂ ಗೇರು ಬೀಳುತ್ತಿಲ್ಲ.

ಉತ್ತರ:
ಕ್ಲಚ್ ಪ್ಲೇಟ್ ತುಕ್ಕಿಗೆ ಅಂಟಿದೆ, ಶಿರಸಿ ಮಳೆಗೆ ಮಾಮೂಲು. ಪೆಡಲ್ ಪೂರ್ತಿ ಒತ್ತಿ, ಅದಕ್ಕೂ ಸೀಟಿಗೂ ನಡುವೆ ಕೋಲು ಕೊಟ್ಟು ಒಂದು ರಾತ್ರಿ ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ. ರಸ್ತೆಗೆ ತರುವ ಮೊದಲು ಬ್ರೇಕ್ ಬಿಚ್ಚಿಸಿ ನೋಡಿ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಎಲ್ಲ ಸರಿ ಮಾಡಿಸಿ, ಆರ್‌ಟಿಓ ನಿಮಗೆ ಶಿರಸಿಯಲ್ಲೇ ಇದೆ.

ಬಂದ್ ಬಿದ್ದದ್ದಕ್ಕೆ ಈಗಲೇ ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಶಬ್ದ ಬಂತಾ ಹೇಳಿ.

ಪ್ರಶ್ನೆ:
ಬಂತು! ಜೋರಾಗಿ ಬಂತು. ಹೇಗೆ ಗೊತ್ತಾಯಿತು ನಿಮಗೆ?

ಉತ್ತರ:
ಮುಚ್ಚಳದ ಗಾಳಿ ತೂತಿನಲ್ಲಿ ಕಣಜ ಮಣ್ಣು ಮೆತ್ತಿರುತ್ತದೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಗೆ ಬರದಿದ್ದರೆ ಡೀಸೆಲ್ ಹರಿಯುವುದು ನಿಂತು ಎಂಜಿನ್ ಬಂದ್ ಬೀಳುತ್ತದೆ. ಸಣ್ಣ ತಂತಿ ಹಾಕಿ ತೆಗೆಯಿರಿ, ಮತ್ತೆ ಕೈ ಪಂಪ್ ಹೊಡೆದು ಸ್ಟಾರ್ಟ್ ಮಾಡಿ. ಭಾವನ ಕೈಗೆ ಹಲಗೆ ಕೊಟ್ಟೇ.